ಕೊಡುವ ಮೊದಲು ಒಂದು ಮಾತು ಕೇಳಿ

ಡಿಸೆಂಬರ್ ಎರಡನೇ ವಾರ ಬಂತೆಂದರೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ಎರಡು ದೊಡ್ಡ ರಟ್ಟಿನ ಪೆಟ್ಟಿಗೆ ಬಂದು ಕೂರುತ್ತವೆ. ಒಂದು ಬಟ್ಟೆಗೆ, ಇನ್ನೊಂದು ಆಟಿಕೆ-ಪುಸ್ತಕಕ್ಕೆ. ಮಹದೇವಪುರದ ಟೆಕ್ ಪಾರ್ಕುಗಳಲ್ಲೂ ಇದೇ ಸಂಭ್ರಮ. ರಿಸೆಪ್ಷನ್‌ನಲ್ಲಿ ಕ್ರಿಸ್‌ಮಸ್ ಮರ, ಕೊಂಬೆಗೆ ಮಕ್ಕಳ ಆಸೆ ಬರೆದ ಚೀಟಿ, ಮೇಜಿನ ಮೇಲೆ ದೇಣಿಗೆಗೆ ಕ್ಯೂಆರ್ ಕೋಡ್. ವರ್ಷವಿಡೀ ಮೀಟಿಂಗು, ಟ್ರಾಫಿಕ್ಕು ಅಂತ ಓಡಿದವರು ವರ್ಷದ ಕೊನೆಗೆ ಒಂದಿಷ್ಟು ಕೊಟ್ಟು ಹಗುರಾಗಬೇಕು ಅಂದುಕೊಳ್ಳುತ್ತಾರೆ. ಆ ಮನಸ್ಸು ದೊಡ್ಡದು. ಯಾರಿಗೆ, ಏನು, ಯಾವಾಗ ಅನ್ನುವ ಪ್ರಶ್ನೆಗೆ ಮಾತ್ರ ನಾವು ಅಷ್ಟು ಹೊತ್ತು ಕೊಡುವುದಿಲ್ಲ.

ಮೂರು ವರ್ಷದಿಂದ ಆ ಪೆಟ್ಟಿಗೆಗಳನ್ನು ವಿಂಗಡಿಸುವ ಕೆಲಸ ನನ್ನದು. ಕಳೆದ ಸಲ ತುಂಬಿ ತುಳುಕುವಷ್ಟು ಬಂತು. ಜರಿ ಕೆಲಸದ ಮದುವೆ ಶೇರ್ವಾನಿ, ಕಂಪನಿ ಹೆಸರು ಅಚ್ಚಾದ ಟೀ ಶರ್ಟುಗಳು, ಪಾರ್ಟಿ ಗೌನು, ಇಲಾಸ್ಟಿಕ್ ಸತ್ತ ಲೆಗ್ಗಿಂಗ್. ಬೆಚ್ಚಗಿನ ಬಟ್ಟೆ ಅಂತ ಸಿಕ್ಕಿದ್ದು ಆರೇ ಆರು. ನನ್ನ ಜೊತೆ ಮಡಿಚಿಡುತ್ತಿದ್ದ ಹೌಸ್‌ಕೀಪಿಂಗ್ ಹೆಂಗಸು ಅದರಲ್ಲೊಂದು ಸ್ವೆಟರ್ ಎತ್ತಿಕೊಂಡಳು. ಝಿಪ್ಪನ್ನು ಮೇಲೆ ಕೆಳಗೆ ಎರಡು ಸಲ ಎಳೆದು ನೋಡಿದಳು. ತೋಳನ್ನು ತನ್ನ ಮೊಣಕೈವರೆಗೆ ಹಿಡಿದು ಅಳತೆ ಹಾಕಿದಳು. “ಇದು ನಮ್ ಹುಡುಗಿಗೆ ಆಗ್ತದ್ರಿ ಮೇಡಂ. ಮುಂಜಾನಿ ಭಾಳ ಥಂಡಿ. ನಾ ಆರಕ್ಕ ಶೆಡ್ ಬಿಡ್ತೀನಿ, ಆಕಿ ಒಬ್ಬಾಕಿನ ಎದ್ದು ನೀರು ಹಿಡಿಬೇಕು” ಅಂದಳು.

ರಾಯಚೂರು ಕಡೆಯಿಂದ ಬಂದು ತೂಬರಹಳ್ಳಿ ಬಳಿಯ ನೀಲಿ ಟಾರ್ಪಾಲಿನ ಶೆಡ್ಡಿನಲ್ಲಿರುವ ಆಕೆ ಎರಡು ವರ್ಷದಿಂದ ನಮ್ಮ ಮೆಟ್ಟಿಲು ಒರೆಸುತ್ತಿದ್ದಳು. ಇಷ್ಟು ಮನೆಗಳಲ್ಲಿ ಯಾರೊಬ್ಬರೂ, ನಾನೂ ಸೇರಿ, ನಿನ್ನ ಮಗಳಿಗೆ ಚಳಿಗೇನಿದೆ ಅಂತ ಕೇಳಿರಲಿಲ್ಲ. ಪೆಟ್ಟಿಗೆ ಇಟ್ಟಿದ್ದೆವು, ಮಾತಾಡಿಸಿರಲಿಲ್ಲ.

ಅದೇ ವಾರ ಉಳಿದ ನೋಟ್‌ಬುಕ್ಕು, ಕ್ರೇಯಾನ್‌ಗಳನ್ನು ಹತ್ತಿರದ ಸರ್ಕಾರಿ ಶಾಲೆಗೆ ಒಯ್ದೆ. ಮುಖ್ಯೋಪಾಧ್ಯಾಯಿನಿ ಪ್ರೀತಿಯಿಂದಲೇ ತೆಗೆದುಕೊಂಡರು. ಕಾಫಿ ಕುಡಿಯುವಾಗ ಬೀರು ತೆರೆದು ತೋರಿಸಿದರು: ಹಿಂದಿನ ಡಿಸೆಂಬರಿನ ನೋಟ್‌ಬುಕ್ಕಿನ ಕಟ್ಟುಗಳು ಹಾಗೇ ಇದ್ದವು. ಶಾಲೆ ಶುರುವಾಗುವುದು ಮೇ ಕೊನೆಗೆ, ಮಕ್ಕಳ ಅಪ್ಪ-ಅಮ್ಮ ಕೈಸಾಲ ಮಾಡುವುದು ಜೂನ್‌ನಲ್ಲಿ. ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು ಸರ್ಕಾರದಿಂದ ಬರುತ್ತದೆ. ಕಂಪ್ಯೂಟರು, ಬಣ್ಣ ಬಳಿದ ಗೋಡೆ ಕಂಪನಿಯವರು ಮಾಡಿಸಿಕೊಟ್ಟಿದ್ದರು. “ನಮಗೆ ಸಾಲದೆ ಇರೋದು ಒಂದೇ ಮೇಡಂ. ಟಾಯ್ಲೆಟ್ ತೊಳೆಯೋರಿಗೆ ತಿಂಗಳು ತಿಂಗಳು ಕೊಡೋ ದುಡ್ಡು. ಅದು ಹೊಲಸಾದ ದಿನ ಏಳನೇ ಕ್ಲಾಸಿನ ಹುಡುಗಿಯರು ಮಧ್ಯಾಹ್ನವೇ ಮನೆಗೆ ಹೋಗ್ತಾರೆ.”

ಈ ಮಾತು ನನ್ನನ್ನು ಬಹಳ ದಿನ ಕಾಡಿತು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ದೊಡ್ಡ ಹಣ ದೊಡ್ಡ ಕೆಲಸ ಹುಡುಕಿಕೊಂಡು ಹೋಗುತ್ತದೆ. ಕೊಠಡಿ ಕಟ್ಟುತ್ತದೆ, ಯಂತ್ರ ಕೂರಿಸುತ್ತದೆ. ಉದ್ಘಾಟನೆಯೇ ಇಲ್ಲದ ತಿಂಗಳ ಖರ್ಚನ್ನು ಹೊರಲು ಸಂಬಳದಾರರಾದ ನಮ್ಮಂಥವರೇ ಬೇಕು. ಫಿನಾಯಿಲು, ಆಯಾಳ ಸಂಬಳ, ಆಟೊ ಚಾರ್ಜು. ನಮ್ಮ ಐದುನೂರು, ಸಾವಿರಕ್ಕೆ ನಿಜವಾದ ಬೆಲೆ ಬರುವುದು ಅಲ್ಲಿ.

ಇಷ್ಟಕ್ಕೂ ನಮ್ಮ ನಾಡಿಗೆ ಆರಿಸಿ ಕೊಡುವುದು ಹೊಸದಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿ ಕಟ್ಟಿಸಿದಳು. ಅವಳನ್ನು ನಾನು ಹೆಚ್ಚು ನೆನೆಯುವುದು ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿ ಮಾಡಿಸಿ ಹಂಚಿದ್ದಕ್ಕೆ. ಬಸದಿ ಕಟ್ಟಿಸುವವರು ಆ ಕಾಲದಲ್ಲಿ ಹಲವರಿದ್ದರು. ಓಲೆಗರಿ ಹುಳ ಹಿಡಿದು ಹೋದರೆ ಕಾವ್ಯವೇ ಹೋಗುತ್ತದೆ ಅನ್ನುವುದು ಅವಳ ಕಣ್ಣಿಗೆ ಬಿತ್ತು.

ಬೇರೆಯವರು ಕೈ ಹಾಕದ ಜಾಗ ಮಹದೇವಪುರದಲ್ಲೇ ಒಂದಿದೆ. ಕುಂದಲಹಳ್ಳಿ ಗೇಟ್ ಹತ್ತಿರ, ಹಳೇ ಏರ್‌ಪೋರ್ಟ್-ವರ್ತೂರು ರಸ್ತೆಯಲ್ಲಿ ಬಸ್ಸು, ಕ್ಯಾಬುಗಳ ಹಾರ್ನ್ ನಡುವೆ ‘ಕರುಣಾಶ್ರಯ’ ಅನ್ನುವ ಫಲಕ ಕಾಣುತ್ತದೆ. ನೂರಾರು ಸಲ ಅದರ ಮುಂದೆ ಟ್ರಾಫಿಕ್ಕಿನಲ್ಲಿ ನಿಂತವರಿಗೂ ಒಳಗೇನಿದೆ ಅಂತ ಗೊತ್ತಿರುವುದಿಲ್ಲ. 1994ರಲ್ಲಿ ಶುರುವಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಮರುವರ್ಷ ಮನೆಮನೆಗೆ ಹೋಗಿ ಆರೈಕೆ ಮಾಡತೊಡಗಿತು. 1999ರಲ್ಲಿ ಈ ಆಶ್ರಯಧಾಮ ತೆರೆಯಿತು. ಇನ್ನು ಗುಣವಾಗುವುದಿಲ್ಲ ಎಂದು ಆಸ್ಪತ್ರೆಗಳು ಕೈಚೆಲ್ಲಿದ ಕ್ಯಾನ್ಸರ್ ರೋಗಿಗಳು ಇಲ್ಲಿಗೆ ಬರುತ್ತಾರೆ. ಒಂದು ರೂಪಾಯಿ ಕೇಳುವುದಿಲ್ಲ.

ಇಂಥ ಆರೈಕೆಯಲ್ಲಿ ಏನು ನಡೆಯುತ್ತದೆ? ಕೊಳೆತು ವಾಸನೆ ಬರುವ ಹುಣ್ಣನ್ನು ಮುಖ ಸಿಂಡರಿಸದೆ ತೊಳೆದು ಕಟ್ಟುತ್ತಾರೆ. ಬಾಯಿ ಕ್ಯಾನ್ಸರಿನವರ ತುಟಿ ಒದ್ದೆ ಮಾಡುತ್ತಾರೆ. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುತ್ತಾರೆ. ನೋವಿಗೆ ಹೊತ್ತು ಹೊತ್ತಿಗೆ ಮಾರ್ಫಿನ್. ಬಳಿಯಲ್ಲಿ ಕೂತ ಹೆಂಡತಿಗೋ ಮಗನಿಗೋ ಮುಂದೇನು ಅನ್ನುವುದನ್ನು ಮೆಲ್ಲಗೆ ಹೇಳುತ್ತಾರೆ. ಮಾರ್ಫಿನ್ ಮಾತ್ರೆ ದುಬಾರಿಯಲ್ಲ. ಹಗಲೂ ರಾತ್ರಿ ಬೇಕಾಗುವ ನರ್ಸುಗಳ ಕೈಗೇ ಖರ್ಚು.

ಹೃದಯದ ಆಪರೇಷನ್ನಿಗೆ ಹಣ ಕೊಟ್ಟರೆ ಆರು ತಿಂಗಳ ಮೇಲೆ ಓಡಾಡುವ ಮಗುವಿನ ಫೋಟೊ ಬರುತ್ತದೆ. ಇಲ್ಲಿಂದ ಅಂಥ ಫೋಟೊ ಬರುವುದಿಲ್ಲ. ಒಬ್ಬ ಮನುಷ್ಯ ನರಳದೆ ಒಂದು ರಾತ್ರಿ ಮಲಗಿದ ಅನ್ನುವುದಷ್ಟೇ ಫಲ. ಅದು ಸಣ್ಣದು ಅಂತ ನೋವುಂಡ ಮನೆಯವರು ಯಾರೂ ಹೇಳಲಾರರು. ನನ್ನ ಮಾವ ಕೊನೆಯ ಹನ್ನೊಂದು ದಿನ ಮನೆಯಲ್ಲೇ ಇದ್ದರು. ಹಲ್ಲು ಕಚ್ಚಿ ಹಾಸಿಗೆಯ ಅಂಚು ಹಿಡಿದಿದ್ದ ಅವರ ಬೆರಳು ನನಗೆ ಇವತ್ತಿಗೂ ಕಾಣುತ್ತದೆ.

ಫೋಟೊ ಅಂದಾಗ ಇನ್ನೊಂದು. ಮಕ್ಕಳ ಆಶ್ರಮಗಳಲ್ಲಿ ಡಿಸೆಂಬರ್ 24, 25ರಂದು ಒಂದೇ ದಿನ ಮೂರು ತಂಡ ಬಂದು ಮೂರು ಕೇಕ್ ಕತ್ತರಿಸುವುದುಂಟು. ಫೆಬ್ರುವರಿಯಲ್ಲಿ ಯಾರೂ ಬರುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇಂಥ ಮಕ್ಕಳ ಗುರುತು ಬಯಲಾಗುವಂತೆ ಚಿತ್ರ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಆಶ್ರಮ ಅದೇ ಕಾಯ್ದೆಯಡಿ ನೋಂದಣಿ ಆಗಿದೆಯೇ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಸರಿಯಾದವರು ಪ್ರಮಾಣಪತ್ರ ತೆಗೆದು ತೋರಿಸುತ್ತಾರೆ.

ರಶೀದಿಯ ವಿಷಯವೂ ಅಷ್ಟೇ. ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. ಎರಡು ಸಾವಿರ ರೂಪಾಯಿ ಮೀರಿದ ನಗದಿಗೆ ಅದೂ ಇಲ್ಲ.

ದುಡ್ಡು ಬೇಡ ಅನ್ನುವವರು ರಕ್ತ ಕೊಡಬಹುದು. ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನವಾದ್ದರಿಂದ ಆ ಹೊತ್ತಿಗೆ ಶಿಬಿರಗಳು ಸಾಲುಸಾಲು. ಕ್ರಿಸ್‌ಮಸ್ ವಾರದಲ್ಲಿ ಆಫೀಸುಗಳು ಖಾಲಿ, ಎಲ್ಲರೂ ಊರಿಗೋ ಗೋವಾಕ್ಕೋ ಹೋಗಿರುತ್ತಾರೆ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡುವಂತಿಲ್ಲ. ಊರಲ್ಲೇ ಉಳಿದವರು ಆ ವಾರ ಬ್ಲಡ್ ಬ್ಯಾಂಕಿಗೆ ಒಂದು ಫೋನ್ ಮಾಡಿ ಹೋದರೆ ಯಾರಿಗೋ ಜೀವ.

ಈ ವರ್ಷ ನಾವು ಲಿಫ್ಟ್ ಪಕ್ಕ ಪೆಟ್ಟಿಗೆ ಇಡಲಿಲ್ಲ. ಮೊದಲು ಕೇಳಿಕೊಂಡು ಬಂದೆವು. ಒಂದು ಹಾಳೆ ಅಂಟಿಸಿದೆವು: ಒಂಬತ್ತು ವರ್ಷದ ಹುಡುಗಿಗೆ ಸ್ವೆಟರ್, ಸೆಕ್ಯುರಿಟಿಯವರಿಗೆ ನಾಲ್ಕು ಕಂಬಳಿ. ಕೆಳಗೆ ‘ಶಾಲೆಯ ಟಾಯ್ಲೆಟ್ ಸ್ವಚ್ಛತೆ’ ಅಂತ ಬರೆದು ತಿಂಗಳುಗಳ ಹೆಸರು, ಎದುರಿಗೆ ಫ್ಲಾಟ್ ನಂಬರಿಗೆ ಜಾಗ. ಸ್ವೆಟರು, ಕಂಬಳಿ ಮೊದಲ ದಿನವೇ ಬಂದವು. ಶನಿವಾರದ ಹೊತ್ತಿಗೆ ಜನವರಿ, ಫೆಬ್ರುವರಿ, ಮಾರ್ಚ್ ತುಂಬಿದ್ದವು. ಜೂನ್ ಎದುರಿನ ಜಾಗ ಇನ್ನೂ ಖಾಲಿ ಇದೆ.