28 ದಿನದ ಕೋಳಿ: ಔಷಧದ ಲೆಕ್ಕ ಮರೆಯದಿರೋಣ

ಅಲ್ ಫಹಮ್, ತಂದೂರಿ ಹೋಟೆಲುಗಳು ಊರೂರಿಗೆ ಬಂದ ಮೇಲೆ ಸಣ್ಣ ಬ್ರಾಯ್ಲರ್‌ಗೆ ಎಲ್ಲಿಲ್ಲದ ಬೇಡಿಕೆ. ಇಡೀ ಕೋಳಿ ಕೆಂಡದ ಮೇಲೆ ಬೇಯಬೇಕು, ಎಲುಬಿನ ಹತ್ತಿರ ಹಸಿ ಉಳಿಯಬಾರದು. ಅದಕ್ಕೆ ಜೀವಂತ ತೂಕ ಒಂದು, ಹೆಚ್ಚೆಂದರೆ ಒಂದೂಕಾಲು ಕಿಲೋ ಸಾಕು. 42 ದಿನ ಸಾಕುವ ಕೋಳಿಯನ್ನೇ 28 ದಿನದೊಳಗೆ ಕೊಡುವುದು, ಅಷ್ಟೇ.

ಹಾಸನ, ಮೊಸಳೆ, ಹೊಳೆನರಸೀಪುರದ ಕಡೆಗೆ ಇದು ಒಪ್ಪುವ ಕೆಲಸ. ಕೋಳಿ ತಿಂಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ, ಅದು ಇಲ್ಲೇ ಬೆಳೆಯುತ್ತದೆ. ಮಳೆಗಾಲದ ಚಳಿಯಲ್ಲಿ ಮಾತ್ರ ಮೊದಲ ವಾರ ಎಚ್ಚರ ಬೇಕು. ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದರೆ ಶಾಖ ಸಾಲದು, ಮೂಲೆಗೆ ಓಡಿದರೆ ಜಾಸ್ತಿಯಾಯ್ತು ಅಂತ ಲೆಕ್ಕ.

ಎಳೆ ಕೋಳಿ ತಿಂದದ್ದು ಚೆನ್ನಾಗಿ ಮೈಗೆ ಹತ್ತುತ್ತದೆ, ತಿಂಡಿ ಉಳಿಯುತ್ತದೆ. ಆದರೆ ಮರಿಯ ಬೆಲೆ ಎರಡಕ್ಕೂ ಒಂದೇ. ಎರಡು ಕಿಲೋ ಕೋಳಿಯಲ್ಲಿ ಹಂಚಿಹೋಗುವ ಆ ಖರ್ಚು ಇಲ್ಲಿ ಒಂದು ಕಿಲೋ ಮೇಲೆ ಬೀಳುತ್ತದೆ. ಹಾಗಾಗಿ ಮರಿ ತರುವ ಮೊದಲೇ ಹೋಟೆಲಿನವರ ಹತ್ತಿರ ದರವೂ, ದಿನವೂ ಮಾತಾಗಿರಲಿ. ಅವರು ಒಂದು ವಾರ ತಡ ಮಾಡಿದರೆ ಅರ್ಧ ಕಿಲೋ ಏರುತ್ತದೆ. ಆಮೇಲೆ ಅದು ಸಣ್ಣ ಕೋಳಿಯಲ್ಲ, ಅವರಿಗೂ ಬೇಡ.

ನಾವು ಮುಖ್ಯವಾಗಿ ಹೇಳಬೇಕಾದ್ದು ಔಷಧದ ವಿಷಯ. 20ನೇ ದಿನ ಆಂಟಿಬಯಾಟಿಕ್ ಕೊಟ್ಟ ಕೋಳಿಯನ್ನು 42ಕ್ಕೆ ಕೊಯ್ದರೆ ಮಧ್ಯೆ ಮೂರು ವಾರ ಸಿಗುತ್ತದೆ, ಔಷಧ ಮೈಯಿಂದ ಇಳಿಯಲು ಸಮಯವಿದೆ. 25ಕ್ಕೇ ಕೊಯ್ದರೆ? ಎಷ್ಟು ದಿನ ಬಿಟ್ಟು ಮಾಂಸಕ್ಕೆ ಬಳಸಬೇಕೆಂಬುದು ಔಷಧದ ಚೀಟಿಯಲ್ಲೇ ಇರುತ್ತದೆ, ಇಲ್ಲದಿದ್ದರೆ ಪಶುವೈದ್ಯರನ್ನು ಕೇಳಬೇಕು. ಕೊಲಿಸ್ಟಿನ್ ಎಂಬ ಔಷಧವನ್ನಂತೂ ಕೋಳಿಗೆ ಕೊಡದಂತೆ ಕೇಂದ್ರ ಸರಕಾರ 2019ರ ಜುಲೈಯಲ್ಲೇ ನಿಷೇಧಿಸಿದೆ. ಮನುಷ್ಯರಿಗೆ ಬೇರೆ ಔಷಧ ನಾಟದಿದ್ದಾಗ ಕೊನೆಗೆ ಕೊಡುವಂಥದ್ದು ಅದು.

ಹೊಲಸು ತಿಂದು ಮಾಂಸ ಕೆಟ್ಟ ಪ್ರಾಣಿಗೆ ಶಾಫಿಈ ಫಿಕ್ಹ್‌ನಲ್ಲಿ ‘ಜಲ್ಲಾಲ’ ಎಂಬ ಹೆಸರಿದೆ. ಅದನ್ನು ಕೂಡಿಹಾಕಿ, ಶುದ್ಧ ಮೇವು ಕೊಟ್ಟು, ವಾಸನೆ ಹೋದ ಮೇಲೆ ಕೊಯ್ಯಬೇಕು. ಇಬ್ನು ಉಮರ್ (ರ) ಅಂತಹ ಕೋಳಿಯನ್ನು ಮೂರು ದಿನ ಕೂಡಿಹಾಕುತ್ತಿದ್ದರೆಂದು ವರದಿಯಿದೆ. ಔಷಧ ಹೊಲಸಲ್ಲ, ನಿಜ. ಆದರೆ ತಿನ್ನುವವನ ಹೊಟ್ಟೆಗೆ ಹೋಗುವ ಮೊದಲು ಕಾಯಬೇಕೆಂಬ ಮರ್ಯಾದೆಯನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಬಿಸ್ಮಿ ಹೇಳಿ ಕೊಯ್ದರೆ ಮುಗೀತು ಅನ್ನುವವರು ಕುರ್‌ಆನ್ ಹಲಾಲ್ ಜೊತೆಗೇ ‘ತಯ್ಯಿಬ್’ ಎಂದೂ ಹೇಳಿದ್ದನ್ನು ನೋಡಲಿ.

ಶೆಡ್ಡಿನ ಬಾಗಿಲಿಗೆ ಒಂದು ಕ್ಯಾಲೆಂಡರ್ ನೇತುಹಾಕಿ. ಮರಿ ಬಂದ ದಿನ, ಲಸಿಕೆಯ ದಿನ, ಔಷಧ ನಿಲ್ಲಿಸಿದ ದಿನ ಅದರಲ್ಲಿ ಬರೆಯಿರಿ. ಅಂಗಡಿಯವರು ಕೇಳಿದರೆ ಅದನ್ನೇ ತೋರಿಸಬಹುದು, ಕೇಳದಿದ್ದರೂ ತೋರಿಸಬಹುದು.