ಸಪ್ಪಗಿದೀಯಲ್ಲ, ಯಾಕಕ್ಕ?

ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಕಡೆ ‘ನನಗೆ ಖಿನ್ನತೆ’ ಎನ್ನುವವರು ಸಿಗುವುದು ಅಪರೂಪ. “ಯಾಕಕ್ಕ, ಸಪ್ಪಗಿದೀಯ?” ಎಂದು ಕೇಳಿದರೆ, “ಏನಿಲ್ಲ ಕಣೇ, ಮನಸ್ಸಿಗೇ ಒಂಥರಾ” ಎಂಬ ಉತ್ತರ. ಉಪ್ಪಿಲ್ಲದ ಸಾರು ಸಪ್ಪೆ, ನಗು ಹೋದ ಮುಖವೂ ಸಪ್ಪೆ. ನೀರು ಕಾಣದ ಸೊಪ್ಪಿನ ಹಾಗೆ ಮುಖ ಬಾಡುತ್ತದೆ, ಎಣ್ಣೆ ತೀರುತ್ತಿರುವ ದೀಪದ ಹಾಗೆ ಮನುಷ್ಯ ಮಂಕಾಗುತ್ತಾನೆ.

ಅತಿ ಹೆಚ್ಚು ದುಡಿಯುವ ಪದ ಬೇಜಾರು. ಇದು ಪಾರ್ಸಿಯ ‘ಬೇಜಾರ್’, ಅಲ್ಲಿ ಅರ್ಥ ರೋಸಿಹೋದವನು. ಬೇಸರದ ಕುಲವೇ ಬೇರೆ, ಅದು ಹಳಗನ್ನಡದ ‘ಬೇಸಱ್’. ಬಸ್ಸು ಬರದಿದ್ದರೂ ಬೇಜಾರು, ಆಲೂಗಡ್ಡೆಗೆ ಅಂಗಮಾರಿ ಬಿದ್ದರೂ ಬೇಜಾರು, ಅತ್ತಿಗೆ ಮಾತು ಬಿಟ್ಟರೂ ಬೇಜಾರು. ಕೊರಗು ಮಾತ್ರ ಇಷ್ಟು ಅಗ್ಗವಲ್ಲ. ಬಾಯಿಬಿಟ್ಟು ಹೇಳದೆ ತಿಂಗಳುಗಟ್ಟಲೆ ಒಳಗೇ ತಿನ್ನುವುದಕ್ಕೆ ಆ ಹೆಸರು. ಕೊರಗಿದವರು ಸೊರಗುತ್ತಾರೆ ಎಂಬುದೂ ಊರಿಗೆ ಗೊತ್ತು.

ಕನ್ನಡದಲ್ಲಿ ಯಾರೂ ‘ನಾನು ಬೇಜಾರು’ ಎನ್ನುವುದಿಲ್ಲ, ‘ನನಗೆ’ ಬೇಜಾರಾಗುತ್ತದೆ. ದುಃಖ ಹೊರಗಿನಿಂದ ಬಂದ ನೆಂಟ. ಸ್ಪ್ಯಾನಿಷ್ ಭಾಷೆಯೂ ಇಲ್ಲಿ ಜಾಣ. ಅಲ್ಲಿ ‘ಎಸ್ತೊಯ್ ತ್ರಿಸ್ತೆ’ ಎಂದರೆ ಸದ್ಯಕ್ಕೆ ಬೇಜಾರಾಗಿದೆ ಎಂದು. ‘ಸೊಯ್ ತ್ರಿಸ್ತೆ’ ಎಂದರೆ ಹುಟ್ಟುಗುಣವೇ ಅಳುಮುಂಜಿ! ‘ಮೆ ದಾ ಪೆನಾ’ದಲ್ಲಂತೂ ನಮ್ಮ ‘ನನಗೆ’ಯೇ ಕೂತಿದೆ, ನನಗೆ ನೋವು ಕೊಡುತ್ತದೆ ಎಂದು. ಆದರೆ ಮೆಕ್ಸಿಕೊದಲ್ಲಿ ಪೆನಾ ಎಂದರೆ ನಾಚಿಕೆ, ಹುಷಾರು. ಸಾವಿನ ಮನೆಯಲ್ಲಿ ಹೇಳುವ ಸಂತಾಪಕ್ಕೆ ಹೆಸರು ‘ಪೇಸಮೆ’. ಅದರ ಬಿಡಿ ಅರ್ಥ ‘ನನಗೆ ಭಾರವಾಗಿದೆ’. ಎದೆ ಭಾರ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತೊಡಕಾಗುವುದು ಆಸ್ಪತ್ರೆಯಲ್ಲಿ. ಸಂಕಟ ಮನಸ್ಸಿನದೂ ಹೌದು, ಹೊಟ್ಟೆಯದೂ ಹೌದು. “ಮೈಕೈ ಸೋತು ಬಂದೈತೆ, ಊಟ ಸೇರಲ್ಲ, ಬೆಳಗಿನ ಜಾವಕ್ಕೇ ಎಚ್ಚರ ಆಗೋಯ್ತದೆ” ಎಂದವರಿಗೆ ಟಾನಿಕ್ ಬರೆದುಕೊಟ್ಟು ಕಳಿಸಿಬಿಡುವುದು ಸುಲಭ. ಆದರೆ ಸುಸ್ತು, ಹಸಿವು, ನಿದ್ದೆ ಮೂರೂ ಖಿನ್ನತೆ ಪತ್ತೆಯ ಪ್ರಶ್ನೆಪಟ್ಟಿಯಲ್ಲೇ ಇವೆ. ಮಂಕು, ಯಾವುದರಲ್ಲೂ ಆಸಕ್ತಿಯಿಲ್ಲದ ಸ್ಥಿತಿ ಎರಡು ವಾರ ಬಿಡದೆ ಕಾಡಿದರೆ ಅದು ಬರೀ ಬೇಜಾರಲ್ಲ, ವೈದ್ಯರು ನೋಡಬೇಕಾದದ್ದು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ. ಖಿನ್ನತೆ ಎಂಬ ಪದವೇ ಬಾಯಿಗೆ ಬರಬೇಕೆಂದಿಲ್ಲ. “ಊಟ ಸೇರ್ತಿಲ್ಲ ಕಣ್ರೀ” ಎಂದು ಶುರುಮಾಡಿದರೂ ಸಾಕು.