ನೀಲಿ ಬಾಟಲಿಗೆ ಹೆದರದ ನಾಯಿ

ನಮ್ಮ ಓಣಿಯಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳ ಮುಂದೆಯೂ ನೀಲಿ ನೀರಿನ ಬಾಟಲಿಗಳಿವೆ. ಕಂಪೌಂಡಿನ ಮೇಲೊಂದು, ಗೇಟಿನ ಬುಡಕ್ಕೊಂದು, ಕಟ್ಟೆಯ ಮೂಲೆಗೊಂದು. ಬಟ್ಟೆಗೆ ಹಾಕುವ ನೀಲಿಯನ್ನೇ ನಾಲ್ಕು ಹನಿ ಬೆರೆಸಿದ ನೀರು. ಅದನ್ನು ಕಂಡರೆ ನಾಯಿ ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ ಊರೂರಿಗೆ ಹಬ್ಬಿದೆ. ನಾನೂ ಎರಡು ಬಾಟಲಿ ಇಟ್ಟಿದ್ದೆ. ಒಂದು ಮುಂಜಾನೆ ಪಕ್ಕದ ಮನೆಯ ಕಂದು ನಾಯಿ ಗೇಟಿನ ಸಂದಿಯಿಂದ ನುಸುಳಿ ಬಂತು. ಬಾಟಲಿಯನ್ನು ಮೂಸಿತು, ಅದಕ್ಕೇ ಕಾಲೆತ್ತಿತು, ನಾಲ್ಕು ಹೆಜ್ಜೆ ಮುಂದೆ ಹೋಗಿ ಮಲ್ಲಿಗೆ ಬಳ್ಳಿಯ ಮಡಿಯಲ್ಲಿ ಬೆನ್ನು ಬಾಗಿಸಿ ಕೂತಿತು.

ನಾಯಿಯ ಕಣ್ಣಿಗೆ ನೀಲಿ, ಹಳದಿ ಬಣ್ಣಗಳು ಚೆನ್ನಾಗಿಯೇ ಕಾಣುತ್ತವೆ. ಮಂಕಾಗಿ ಕಾಣುವುದು ಕೆಂಪು. ಅಂದರೆ ಬಾಟಲಿ ಅದಕ್ಕೆ ಕಾಣುತ್ತದೆ, ಆದರೆ ಹೆದರುವಂಥದ್ದೇನೂ ಅದರಲ್ಲಿಲ್ಲ. ಜಪಾನಿನಲ್ಲಿ ಬೆಕ್ಕು ಬಾರದಿರಲಿ ಎಂದು ಮನೆ ಮುಂದೆ ಹೀಗೆಯೇ ನೀರಿನ ಬಾಟಲಿ ಸಾಲಾಗಿ ಇಡುತ್ತಾರೆ. ಅಲ್ಲಿಯ ಬೆಕ್ಕುಗಳೂ ಲೆಕ್ಕಕ್ಕಿಟ್ಟುಕೊಂಡಿಲ್ಲ.

ಹೊಲಸು ಮಾಡಲು ಜಾಗ ಹುಡುಕುವ ನಾಯಿ ನೋಡುವುದು ಕಾಲಡಿಯ ನೆಲವನ್ನು, ಕೇಳುವುದು ಮೂಗಿನ ಮಾತನ್ನು. ಮರಿಯಿದ್ದಾಗ ಎಂಥ ನೆಲ ರೂಢಿಯಾಯಿತೋ ದೊಡ್ಡದಾದ ಮೇಲೂ ಅಂಥದೇ ನೆಲ ಬೇಕು. ನಮ್ಮ ಕಡೆಯ ನಾಯಿಗಳು ಬೆಳೆಯುವುದು ಮಣ್ಣಿನಲ್ಲಿ, ಉಸುಕಿನ ಗುಡ್ಡೆಯಲ್ಲಿ, ಬಣವಿಯ ಬುಡದಲ್ಲಿ. ಹಾಗಾಗಿ ಹೊಸ ಮನೆ ಕಟ್ಟಿಸುವವರ ಉಸುಕು, ಈಗಷ್ಟೇ ಕೆದರಿದ ಹೂವಿನ ಮಡಿ, ಮಳೆಯಾದ ಮೇಲೆ ಮೆತ್ತಗಾದ ಎರೆಮಣ್ಣು ಅವಕ್ಕೆ ಹೇಳಿ ಮಾಡಿಸಿದ ಜಾಗ. ಒಮ್ಮೆ ಅಲ್ಲಿ ಕೂತರೆ ವಾಸನೆ ಉಳಿಯುತ್ತದೆ, ಮರುದಿನ ಅದೇ ವಾಸನೆ ಕರೆಯುತ್ತದೆ. ನೀವು ಹೊಲಸು ತೆಗೆದು ಮೇಲಷ್ಟು ಫಿನಾಯಿಲ್ ಸುರಿದರೆ ವಾಸನೆ ಮುಚ್ಚುವುದು ನಿಮ್ಮ ಮೂಗಿಗೆ ಮಾತ್ರ.

ಹೊತ್ತೂ ಅಷ್ಟೇ ಮುಖ್ಯ. ಉಂಡ ಅರ್ಧ ಗಂಟೆಯೊಳಗೆ ಬಹುತೇಕ ನಾಯಿಗಳಿಗೆ ಒತ್ತರಿಸಿ ಬರುತ್ತದೆ. ರಾತ್ರಿಯಿಡೀ ಕಟ್ಟಿದ ನಾಯಿಗೆ ಹಗ್ಗ ಬಿಚ್ಚಿದ ಕೂಡಲೇ. ನಮ್ಮ ಓಣಿಗಳಲ್ಲಿ ನಾಯಿ ಬಿಚ್ಚುವುದು ಬೆಳಿಗ್ಗೆ ಐದೂವರೆ ಆರಕ್ಕೆ. ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕುವುದೂ ಅದೇ ಹೊತ್ತಿಗೆ. ಜಗಳ ಹುಟ್ಟುವುದು ಅಲ್ಲಿ.

ಅಂಗಳ ಹೊಲಸಾಗುವುದರಲ್ಲಿ ಅಸಹ್ಯ ಒಂದೇ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಹೊಟ್ಟೆಹುಳುವಿನ ಔಷಧ ಕಾಣದ ನಾಯಿಯ ಮಲದಲ್ಲಿ ಮೂರು ಥರದ ಹುಳುಗಳ ಸಂತಾನ ಇರಬಹುದು. ದುಂಡುಹುಳುವಿನ ತತ್ತಿ ಹೊರಬಿದ್ದ ತಕ್ಷಣ ರೋಗ ಹಚ್ಚುವುದಿಲ್ಲ, ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಬಲಿಯಬೇಕು. ಬಲಿತ ಮೇಲೆ ಮಾತ್ರ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಸುಣ್ಣಕ್ಕೂ ಸಾಯುವುದಿಲ್ಲ, ಫಿನಾಯಿಲ್‌ಗೂ ಸಾಯುವುದಿಲ್ಲ. ಉಸುಕಿನಲ್ಲಿ ಆಡಿ ಕೈ ಬಾಯಿಗೆ ಹಾಕುವ ಮಕ್ಕಳ ಹೊಟ್ಟೆ ಸೇರಿದರೆ ಮರಿಹುಳು ಮೈಯೊಳಗೆ ಅಲೆಯುತ್ತದೆ, ಕೆಲವೊಮ್ಮೆ ಕಣ್ಣಿಗೂ ಹೋಗುತ್ತದೆ. ಕೊಕ್ಕೆಹುಳುವಿನದು ಬೇರೆ ದಾರಿ. ಅದರ ಮರಿ ಒಂದು ವಾರದ ಆಸುಪಾಸಿನಲ್ಲೇ ತಯಾರಾಗಿ ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ. ಕಾಲಿನ ಮೇಲೆ ಹಾವು ಹರಿದಂತೆ ಕೆಂಪು ಗೆರೆ, ತಡೆಯಲಾರದ ತುರಿಕೆ. ಇದಕ್ಕೆ ತೇವ, ನೆರಳು ಬೇಕು. ನಮ್ಮ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾದ ಬೇಸಿಗೆಯ ಒಣನೆಲದಲ್ಲಿ ಮರಿ ಸುಟ್ಟುಹೋಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿರುವ ಗಂಗಾವತಿ ಕಡೆಯವರು ಹಿತ್ತಲಿನಲ್ಲಿ ಬರಿಗಾಲಲ್ಲಿ ಓಡಾಡುವ ಮುಂಚೆ ಯೋಚಿಸಬೇಕು.

ಮೂರನೆಯದು ಕುರಿ ಸಾಕುವ ನಮ್ಮ ಸೀಮೆಗೇ ಅಂಟಿದ ಹುಳು. ಕುರಿಯ ಪಿತ್ತಜನಕಾಂಗ, ಶ್ವಾಸಕೋಶಗಳಲ್ಲಿ ನೀರು ತುಂಬಿದ ಗುಳ್ಳೆಗಳನ್ನು ಕುರಿ ಕೊಯ್ಯುವವರು ನೋಡಿರುತ್ತಾರೆ. ಆ ತುಂಡನ್ನು ನಾಯಿಗೆ ಎಸೆದರೆ ನಾಯಿಯ ಕರುಳಿನಲ್ಲಿ ಸಣ್ಣ ಲಾಡಿಹುಳು ಬೆಳೆಯುತ್ತದೆ. ಅದರ ತತ್ತಿ ಮಲದ ಜೊತೆ ಹೊರಬಂದು, ಮೇಯುವ ಕುರಿಗೆ ಸೇರುತ್ತದೆ, ಮನುಷ್ಯನಿಗೂ ಸೇರುತ್ತದೆ. ಮನುಷ್ಯನ ಪಿತ್ತಜನಕಾಂಗದಲ್ಲಿ ಅದೇ ನೀರುಗುಳ್ಳೆ ವರ್ಷಾನುಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ವೈದ್ಯರು ಹೈಡಾಟಿಡ್ ಎನ್ನುವುದು ಇದಕ್ಕೇ. ಈ ತತ್ತಿ ಬಲಿಯಲು ಕಾಯುವುದಿಲ್ಲ, ಬಿದ್ದ ಕ್ಷಣದಿಂದಲೇ ಅಪಾಯ. ಆದ್ದರಿಂದ ಮಲವನ್ನು ಬರಿಗೈಯಲ್ಲಿ ಮುಟ್ಟಬಾರದು, ಆ ಜಾಗದ ಮೆಂತೆ, ಕೊತ್ತಂಬರಿಯನ್ನು ತೊಳೆಯದೆ ತಿನ್ನಬಾರದು.

ಇಷ್ಟು ತಿಳಿದರೆ ಮಾಡಬೇಕಾದ್ದು ತಾನಾಗಿ ಹೊಳೆಯುತ್ತದೆ: ಅದೇ ದಿನ ತೆಗೆದುಬಿಡುವುದು. ನಾಯಿ ಯಾರದು ಎಂಬ ಪಂಚಾಯ್ತಿ ಆಮೇಲೆ. ಮೊದಲೆರಡು ಹುಳುಗಳಿಗೆ ಬಲಿಯುವಷ್ಟು ಪುರುಸೊತ್ತು ಸಿಗದಿದ್ದರೆ ಅರ್ಧ ಯುದ್ಧ ಗೆದ್ದ ಹಾಗೆ. ನಾನು ಮಾಡುವುದು ಹೀಗೆ. ಮೆತ್ತಗಿದ್ದರೆ ಮೇಲೆ ಒಂದು ಹಿಡಿ ಬೂದಿ ಅಥವಾ ಒಣಮಣ್ಣು ಉದುರಿಸುತ್ತೇನೆ. ಎರಡು ನಿಮಿಷಕ್ಕೆ ಗಟ್ಟಿಯಾಗುತ್ತದೆ. ಖಾಲಿ ಪ್ಲಾಸ್ಟಿಕ್ ಚೀಲವನ್ನು ಕೈಗೆ ಹಾಕಿಕೊಂಡು, ಕೆಳಗಿನ ಒಂದಿಂಚು ಮಣ್ಣಿನ ಸಮೇತ ಸಣ್ಣ ಸಲಿಕೆಯಿಂದ ಎತ್ತುತ್ತೇನೆ. ಆ ಒಂದಿಂಚು ಮಣ್ಣಿನಲ್ಲೇ ಮರುದಿನ ನಾಯಿಯನ್ನು ಕರೆಯುವ ವಾಸನೆ ಇರುವುದು. ಬಾವಿ, ಬೋರ್‌ವೆಲ್, ಕಾಯಿಪಲ್ಲೆ ಮಡಿಯಿಂದ ದೂರ, ಮೊಣಕೈ ಆಳದ ಗುಂಡಿಯಲ್ಲಿ ಹುಗಿದು ಮೇಲೆ ಕಲ್ಲು ಇಡುತ್ತೇನೆ. ತಿಪ್ಪೆಗೆ ಹಾಕುವುದಿಲ್ಲ, ಮನೆಯ ತಿಪ್ಪೆಗೆ ತತ್ತಿ ಸಾಯುವಷ್ಟು ಕಾವು ಬರುವುದಿಲ್ಲ. ಬಂಡೆ ಹಾಸಿದ ಅಂಗಳವಾದರೆ ಸೋಪಿನ ನೀರಿನಿಂದ ತಿಕ್ಕಿ ತೊಳೆದು ಮೇಲೆ ಕುದಿಯುವ ನೀರು ಸುರಿದರೆ ಸಾಕು. ಅಮೋನಿಯಾ ವಾಸನೆಯ ಕ್ಲೀನರ್ ಬೇಡ, ನಾಯಿಗೆ ಅದು ಇನ್ನೊಂದು ನಾಯಿಯ ಉಚ್ಚೆಯಂತೆಯೇ ಮೂಗಿಗೆ ಬಡಿಯುತ್ತದೆ.

ಆಮೇಲೆ ದಾರಿ ಮುಚ್ಚುವ ಕೆಲಸ. ನಾಯಿಯ ತಲೆ ಹೊಕ್ಕರೆ ಮೈ ಹೊಕ್ಕಿತು ಎಂದೇ ಲೆಕ್ಕ. ಗೇಟಿನ ಕೆಳಗೆ ಗೇಣುದ್ದ ಸಂದಿ ಬಿಟ್ಟು ಕಂಪೌಂಡನ್ನು ಆಳೆತ್ತರ ಕಟ್ಟಿಸಿದವರು ನಮ್ಮಲ್ಲಿ ಎಷ್ಟೋ ಜನ. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಪಟ್ಟಿ ತಗಡು ಬೆಸೆಸಿದರೆ ಮುಗಿಯಿತು. ಗೇಟೇ ಇಲ್ಲದ ಅಂಗಳವಾದರೆ ಮೆತ್ತನೆಯ ಜಾಗಗಳನ್ನಾದರೂ ಒರಟು ಮಾಡಿ. ಹೂವಿನ ಮಡಿಯಲ್ಲಿ ಗಿಡದ ಸುತ್ತ ಖಡಿ ಹರಡಿ; ಕುಷ್ಟಗಿ ಕಡೆಯವರಿಗೆ ಗ್ರಾನೈಟ್ ಕ್ವಾರಿಯ ತುಂಡುಕಲ್ಲೂ ಸಿಗುತ್ತದೆ. ಚೂಪು ಖಡಿಯ ಮೇಲೆ ನಾಯಿ ಸುತ್ತು ಹಾಕಿ ಕೂರುವುದಿಲ್ಲ. ಉಸುಕಿನ ಗುಡ್ಡೆಗೆ ತಾಡಪತ್ರಿ ಹೊದಿಸಿ ಅಂಚಿಗೆ ಇಟ್ಟಿಗೆ ಇಡಿ. ಉಳಿದ ರೊಟ್ಟಿ, ಅನ್ನವನ್ನು ಗೇಟಿನ ಪಕ್ಕ ಇಡುವ ರೂಢಿ ನಿಮ್ಮ ಮನೆಯಲ್ಲೇ ಇದ್ದರೆ, ದೂರು ಹೇಳುವ ಮುಂಚೆ ಅದನ್ನು ನಿಲ್ಲಿಸಿ. ಊಟ ಹಾಕಿ ಕರೆದವರೂ ನಾವೇ, ಬೈಯುವವರೂ ನಾವೇ ಆಗಬಾರದಲ್ಲ.

ಖಾರದಪುಡಿ ಉದುರಿಸುವುದು, ಡಾಂಬರು ಗುಳಿಗೆ ಚೆಲ್ಲುವುದು ಎರಡೂ ಬೇಡ. ಮೊದಲನೆಯದು ಗಾಳಿಗೆ ನಿಮ್ಮದೇ ಮಕ್ಕಳ ಕಣ್ಣಿಗೆ ಬರುತ್ತದೆ, ಎರಡನೆಯದು ನುಂಗಿದರೆ ನಾಯಿಗೂ ವಿಷ, ಮಗುವಿಗೂ ವಿಷ.

ಇನ್ನು ನಾಯಿಯ ಮನೆಯವರು. ನಮ್ಮಲ್ಲಿ ಪಟ್ಟಿ ಕಟ್ಟಿದ ಸಾಕುನಾಯಿ ಮತ್ತು ಬೀದಿನಾಯಿ ಇವೆರಡರ ನಡುವೆ ಇನ್ನೊಂದು ದೊಡ್ಡ ಜಾತಿಯಿದೆ: ಒಬ್ಬರ ಮನೆಯ ರೊಟ್ಟಿ ತಿಂದು ಇಡೀ ಓಣಿಗೆ ಸೇರಿದ್ದು. ನಾನು ಪಕ್ಕದ ಮನೆಗೆ ಹೋಗಿ ಕೇಳಿದಾಗ ಮಾತು ನಡೆದದ್ದು ಹೀಗೆ.

"ಕಾಕಾ, ನಿಮ್ಮ ನಾಯಿ ದಿನಾ ನಮ್ಮ ಅಂಗಳಕ್ಕ ಬರಾಕತ್ತೈತ್ರಿ."

"ನಮ್ಮ ನಾಯಿ ಅಲ್ಲಪಾ ಅದು. ನಮ್ಮ ಕಟ್ಟಿ ಮ್ಯಾಲ ಮಲಗತೈತಿ. ನಿಮ್ಮ ಕಾಕಿ ಒಂದ್ ರೊಟ್ಟಿ ಹಾಕ್ತಾಳ, ಅಷ್ಟ."

"ಹೌದ್ರಿ. ಆದ್ರ ರಾತ್ರಿ ಹಗ್ಗ ಕಟ್ಟೋರು ನೀವ ಅಲ್ರಿ?"

ಕಾಕಾ ನಕ್ಕರು. ಅಲ್ಲಿಂದ ಮುಂದೆ ಕಷ್ಟವಾಗಲಿಲ್ಲ. ಇಂಥ ಮಾತಿಗೆ ಹೋಗಬೇಕಾದ್ದು ಸಂಜೆ, ಚಹಾದ ಹೊತ್ತಿಗೆ. ಮುಂಜಾನೆ ಸಲಿಕೆ ಹಿಡಿದ ಕೈಯಲ್ಲಲ್ಲ. "ನಾಯಿ ಕಟ್ಟಿಹಾಕ್ರಿ" ಎಂದರೆ ಯಾರೂ ಕೇಳುವುದಿಲ್ಲ. ದಿನವಿಡೀ ಕಟ್ಟಿದ ನಾಯಿ ಬೊಗಳಿ ಇನ್ನೊಂದು ತಂಟೆ ತರುತ್ತದೆ. ಕೇಳುವುದಾದರೆ ಸಣ್ಣದೊಂದು ಕೇಳಿ: ಬಿಚ್ಚುವ ಮುಂಚೆ ಅವರದೇ ಹಿತ್ತಲಿನಲ್ಲಿ ಅರ್ಧ ಗಂಟೆ ಅಡ್ಡಾಡಿಸಲಿ. ನಾನು ಎರಡು ಬುಟ್ಟಿ ಉಸುಕು ಹೊತ್ತುಕೊಂಡು ಹೋಗಿ ಕಾಕಾನ ಹಿತ್ತಲ ಮೂಲೆಗೆ ಸುರಿದು, ನಮ್ಮ ಮಡಿಯಿಂದ ಎತ್ತಿದ ಮಾಲನ್ನೂ ಅವರಿಗೆ ಹೇಳಿಯೇ ಅದರಲ್ಲಿ ಬೆರೆಸಿದೆ. ಅಂಗಳಕ್ಕೆ ಕರೆಯುತ್ತಿದ್ದ ವಾಸನೆಯೇ ಅಲ್ಲಿಗೂ ಕರೆಯಿತು. ಮೂರನೇ ವಾರದ ಹೊತ್ತಿಗೆ ಕಂದು ನಾಯಿ ನಮ್ಮ ಕಡೆ ಬರುವುದನ್ನು ಬಿಟ್ಟಿತ್ತು. ಆ ಉಸುಕಿನ ಹೊಲಸನ್ನು ದಿನಾ ಎತ್ತುವ ಕೆಲಸ ಮಾತ್ರ ಕಾಕಾನದೇ.

ಹೇಳದೆ ಕೇಳದೆ ಹೊಲಸನ್ನು ತಂದು ಮಾಲೀಕರ ಬಾಗಿಲಿಗೆ ಸುರಿಯುವ ಶೂರರೂ ಇದ್ದಾರೆ. ಸ್ಪೇನಿನ ಬ್ರುನೆಟೆ ಎಂಬ ಊರಿನ ಆಡಳಿತ 2013ರಲ್ಲಿ ನಾಯಿ ಮಲವನ್ನು ಪೆಟ್ಟಿಗೆಗೆ ಹಾಕಿ ಮಾಲೀಕರ ಮನೆಗೇ ಕಳಿಸಿ ಸುದ್ದಿಯಾಗಿತ್ತು. ಅಲ್ಲಿ ನಾಯಿಗಳ ನೋಂದಣಿಯಿತ್ತು, ವಿಳಾಸವಿತ್ತು, ಕಳಿಸಿದ್ದು ಊರಿನ ಆಡಳಿತ. ನಮ್ಮ ಓಣಿಯಲ್ಲಿ ಅದನ್ನೇ ಒಬ್ಬರು ಮಾಡಿದರೆ ಎರಡು ಮನೆತನಗಳ ನಡುವೆ ಹತ್ತು ವರ್ಷ ಮಾತು ನಿಲ್ಲುತ್ತದೆ.

ಮಾತಿಗೆ ಬಗ್ಗದಿದ್ದರೆ ಕಾನೂನು ಏನು ಕೊಡುತ್ತದೆ? ನಿರೀಕ್ಷೆಗಿಂತ ಕಡಿಮೆ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ತೋರಿಸಿ ಹೆದರಿಸುವವರಿದ್ದಾರೆ: ಪ್ರಾಣಿಯನ್ನು ನಿರ್ಲಕ್ಷ್ಯದಿಂದ ಇಟ್ಟುಕೊಂಡರೆ 6 ತಿಂಗಳವರೆಗೆ ಜೈಲು, ಇಲ್ಲವೇ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಅದು ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗುವಂತಿದ್ದರೆ ಮಾತ್ರ. ಕಚ್ಚುವ ನಾಯಿಗೆ ಹೊಂದುತ್ತದೆ, ಹೊಲಸು ಮಾಡುವ ನಾಯಿಗೆ ಹೊಂದುವುದಿಲ್ಲ. 292ನೇ ಕಲಮಿನ ಸಾರ್ವಜನಿಕ ಉಪದ್ರವಕ್ಕೆ ದಂಡ 1000 ರೂಪಾಯಿವರೆಗೆ. ಅದಕ್ಕೂ ಒಂದು ಮನೆಯ ಅಂಗಳ ಸಾಲದು, ಓಣಿಯ ಜನಕ್ಕೇ ತೊಂದರೆಯಾಗಿರಬೇಕು. ದೊಡ್ಡಿಗೆ ಅಟ್ಟೋಣವೆಂದರೆ 1871ರ ಜಾನುವಾರು ಅತಿಕ್ರಮಣ ಕಾಯ್ದೆಯಲ್ಲಿ ಆನೆ, ಒಂಟೆ, ಹಂದಿಗಳ ಹೆಸರೂ ಇದೆ, ನಾಯಿಯದಿಲ್ಲ!

ಹಾಗಾಗಿ ನಡೆಯುವ ದಾರಿ ಊರಿನ ಆಡಳಿತದ್ದು. ಕೊಪ್ಪಳ, ಗಂಗಾವತಿಗಳಲ್ಲಿ ನಗರಸಭೆಯ ಪೌರಾಯುಕ್ತರಿಗೆ, ಕುಷ್ಟಗಿ ಪುರಸಭೆ ಮತ್ತು ಯಲಬುರ್ಗಾ ಪಟ್ಟಣ ಪಂಚಾಯಿತಿಗಳಲ್ಲಿ ಮುಖ್ಯಾಧಿಕಾರಿಗೆ, ಹಳ್ಳಿಯಾದರೆ ಪಿಡಿಒಗೆ ಅರ್ಜಿ. ಒಬ್ಬರೇ ಕೊಡಬೇಡಿ, ನಾಲ್ಕು ಮನೆಯವರ ಸಹಿ ಇರಲಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಬಣ್ಣದ ನಾಯಿ ಎಂದು ಎರಡು ವಾರ ಬರೆದಿಟ್ಟದ್ದನ್ನೂ, ಮೊಬೈಲಿನ ಫೋಟೊಗಳನ್ನೂ ಜೊತೆಗಿಡಿ. ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ. ನಾಯಿಗೆ ಹೇಳಿದರೆ ನಾಯಿ ಬಾಲಕ್ಕೆ ಹೇಳಿತಂತೆ ಎಂಬ ಗಾದೆ ಕಚೇರಿಗಳನ್ನು ನೋಡಿಯೇ ಹುಟ್ಟಿದ್ದಿರಬೇಕು. ಬಾಲದವರೆಗೆ ಬೆನ್ನುಹತ್ತಲು ಆ ಸೀಲು ಬೇಕು. ಎರಡು ಮನೆಗಳ ತಕರಾರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಕೋರ್ಟಿನ ಆವರಣದಲ್ಲೇ, ಕೇಸು ಹಾಕುವ ಮುಂಚೆಯೇ ಎರಡೂ ಕಡೆಯವರನ್ನು ಕೂರಿಸಿ ಮಾತನಾಡಿಸುತ್ತಾರೆ. ನೋಟಿಸು ಬಂತೆಂದರೆ ಅರ್ಧದಷ್ಟು ನಾಯಿಗಳಿಗೆ ಅಂದೇ ಮಾಲೀಕರು ಹುಟ್ಟಿಕೊಳ್ಳುತ್ತಾರೆ ಎಂಬುದು ನನ್ನ ಅನುಮಾನ.

ಮಾಲೀಕರೇ ಇಲ್ಲದ ನಾಯಿಯಾದರೆ ಅನ್ವಯವಾಗುವುದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮ. ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ಬಿಡುವುದು ಸ್ಥಳೀಯ ಸಂಸ್ಥೆಯ ಕೆಲಸ. ಕಿವಿಯ ಅಂಚಿನಲ್ಲಿ ಕತ್ತರಿಸಿದ ಗುರುತಿದ್ದರೆ ಅದಕ್ಕೆ ಆಗಲೇ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ರೇಬೀಸ್ ತಗಲಿದ ಅಥವಾ ಮೈಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಉಳಿದವನ್ನು ಅಲ್ಲಿಗೇ ಬಿಡಬೇಕೆಂದಿತು; ಎಲ್ಲೆಂದರಲ್ಲಿ ಊಟ ಹಾಕಬಾರದು, ಅದಕ್ಕೆ ಜಾಗ ಗೊತ್ತುಮಾಡಬೇಕು ಎಂದೂ ಹೇಳಿತು. ನಮ್ಮ ವಿಷಯಕ್ಕೆ ಬೇಕಾದ್ದು ಈ ಕೊನೆಯ ಮಾತು. ಶಸ್ತ್ರಚಿಕಿತ್ಸೆಯಾದ ನಾಯಿಯೂ ಹೊಲಸು ಮಾಡುತ್ತದೆ, ಆದರೆ ಊಟದ ಜಾಗ ಅಂಗಳದಿಂದ ದೂರ ಸರಿದರೆ ಅದೂ ದೂರ ಸರಿಯುತ್ತದೆ. ಸಾಕಿದ ನಾಯಿಗೆ ಹುಳುವಿನ ಔಷಧ, ಲಸಿಕೆ ಹಾಕಿಸುವ ಹೊಣೆಯನ್ನು ಅದೇ ನಿಯಮ ಮಾಲೀಕರ ಮೇಲೆ ಹೊರಿಸಿದೆ. ಪಶು ಆಸ್ಪತ್ರೆಗೆ ನಾಯಿಯನ್ನು ಕರೆದೊಯ್ಯಲು ಕಾಕಾನಂಥವರಿಗೆ ಪುರುಸೊತ್ತಿಲ್ಲದಿದ್ದರೆ ನೀವೇ ಜೊತೆಗೆ ಹೋಗಿ. ಲಾಭ ನಿಮ್ಮ ಅಂಗಳಕ್ಕೇ.

ನಾಯಿಯನ್ನು ಚೀಲದಲ್ಲಿ ತುಂಬಿ ಬೇರೆ ಊರಿಗೆ ಬಿಟ್ಟುಬರುವುದು ತಪ್ಪು. ಮೇಲಾಗಿ ಖಾಲಿಯಾದ ಓಣಿಗೆ ಬೇರೆ ನಾಯಿ ಬಂದೇ ಬರುತ್ತದೆ. ವಿಷ ಹಾಕಿ ಕೊಂದರೆ ನ್ಯಾಯ ಸಂಹಿತೆಯ 325ನೇ ಕಲಮಿನ ಅಡಿ 5 ವರ್ಷದವರೆಗೆ ಜೈಲಾಗಬಹುದು. ಹೊಲಸು ಮಾಡಿಸಿದವರಿಗೆ ಸಾವಿರ ರೂಪಾಯಿ ದಂಡ, ಸಿಟ್ಟಿನಿಂದ ವಿಷ ಹಾಕಿದವರಿಗೆ ಜೈಲು ಎಂಬ ಈ ಲೆಕ್ಕವನ್ನು ಮುಂಜಾನೆಯ ಕೋಪದಲ್ಲಿ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಮಟನ್ ಅಂಗಡಿಯವರಿಗೆ, ಮನೆಯಲ್ಲೇ ಕುರಿ ಕೊಯ್ಯುವವರಿಗೆ ಒಂದು ವಿನಂತಿ: ನೀರುಗುಳ್ಳೆ ಕಂಡ ತುಂಡನ್ನು ಹುಗಿಯಿರಿ ಅಥವಾ ಸುಡಿ, ನಾಯಿಯ ಬಾಯಿಗೆ ಹೋಗಲು ಬಿಡಬೇಡಿ. ಉಳಿದವರು ಇವತ್ತು ಗೇಟಿನ ಕೆಳಗಿನ ಸಂದಿ ಅಳೆಯಿರಿ, ನಾಳೆ ತಗಡು ಹಾಕಿಸಿ. ನೀಲಿ ಬಾಟಲಿಗಳನ್ನೂ ಎತ್ತಿಬಿಡಿ. ಮುಚ್ಚಳ ಹಾರಿದ ಬಾಟಲಿಯಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ.